ನರ್ಮದಾ ಕಣಿವೆಯ ಪಳೆಯುಳಿಕೆ ಶೋಧ

ನರ್ಮದೆಯ ಸೀಮೆಯಲ್ಲಿ ಪಳೆಯುಳಿಕೆ ಹುಡುಕಿದ ಚರಿತ್ರೆ ಶುರುವಾಗುವುದು 1828ರಲ್ಲಿ, ಜಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ. ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಎಚ್. ಸ್ಲೀಮನ್‌ಗೆ ಅಲ್ಲಿ ಕಲ್ಲಾದ ಬೆನ್ನೆಲುಬಿನ ಮಣಿಗಳು ಸಿಕ್ಕವು. 1877ರಲ್ಲಿ ರಿಚರ್ಡ್ ಲೈಡೆಕ್ಕರ್ ಅವುಗಳ ಆಧಾರದ ಮೇಲೆ ಟೈಟಾನೊಸಾರಸ್ ಇಂಡಿಕಸ್ ಎಂಬ ಡೈನೊಸಾರ್ ಹೆಸರನ್ನು ಕೊಟ್ಟ. ನದಿಯ ದಂಡೆಯಲ್ಲೇ ಹುದುಗಿದ ಆನೆ, ನೀರಾನೆ, ಕಾಡುದನಗಳ ಎಲುಬುಗಳು ಇವಕ್ಕಿಂತ ತೀರ ಈಚಿನವು. ಬಾಸ್ ನಮಾಡಿಕಸ್ ಎಂಬ ಕಾಡುದನದ ಹೆಸರಿನಲ್ಲಿ ನದಿಯೇ ಇದೆ. ಇಂಥ ಎಲುಬು ಸಿಕ್ಕ ಜಾಗಗಳನ್ನು ಗುರುತಿಸಿದ ನಕ್ಷೆಯನ್ನು ಪ್ರಾಚೀನ ಪ್ರಾಣಿಗಳು ಬಾಳಿದ ನೆಲೆಗಳ ನಕ್ಷೆಯೆಂದು ಓದುವುದು ತಪ್ಪು. ಅದು ಬಹುಮಟ್ಟಿಗೆ ಹುಡುಕುವವರು ನಡೆದ ದಾರಿಯ ನಕ್ಷೆ. ನಮ್ಮ ಬೆಳಗಾವಿ ಸೀಮೆಯ ಉದಾಹರಣೆಯೇ ಇದೆ: ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಸಮೀಪ ಹಳ್ಳವೊಂದರ ದಂಡೆಯನ್ನು ಗಮನಿಸಿದ್ದರಿಂದಲೇ, ಇಂದು ಘೇಂಡಾಮೃಗದ ಸುಳಿವೂ ಇಲ್ಲದ ಆ ಬಯಲಲ್ಲಿ ಅದು ಒಮ್ಮೆ ಮೇಯುತ್ತಿತ್ತೆಂದು 1874ರಲ್ಲಿ ಲೋಕಕ್ಕೆ ತಿಳಿಯಿತು.

ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹುಡುಕಿದ ನದಿಯಲ್ಲಿ ಇನ್ನೇನು ಉಳಿದಿದೆ ಎಂದು ಕೇಳಬಹುದು. ನರ್ಮದೆಯ ದಂಡೆಯ ಹಥ್ನೋರಾ ಹಳ್ಳಿ ಅದಕ್ಕೆ ಉತ್ತರ. ಅದಿರುವ ಹೋಶಂಗಾಬಾದ್ ಆಸುಪಾಸಿನ ದಂಡೆಗಳನ್ನು ಸಂಶೋಧಕರಾದ ಡಿ ಟೆರ್ರಾ ಮತ್ತು ಪ್ಯಾಟರ್ಸನ್ 1935ರಲ್ಲೇ ಪರಿಶೀಲಿಸಿದ್ದರು. ಹೊಸ ಕಾಡುದಾರಿಯೇನೂ ಅಲ್ಲ. ಆದರೂ 1982ರ ಡಿಸೆಂಬರ್ 5ರಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೋನಕಿಯಾ ಅಲ್ಲಿ ಮಾನವನ ತಲೆಬುರುಡೆಯ ಬಲಭಾಗವನ್ನು ಕಂಡರು. ಕಾರಣ, ಪ್ರತಿ ಮಳೆಗಾಲ ದಂಡೆಯ ಒಂದು ಪದರವನ್ನು ಕೊಚ್ಚಿ ಒಯ್ಯುತ್ತದೆ. ಹೋದ ವರ್ಷ ನೋಡಿದ ಗೋಡೆ ಈ ವರ್ಷ ಬೇರೆಯೇ. ಕಲ್ಲಾದ ಎಲುಬು ಮೊದಲ ನೋಟಕ್ಕೆ ಬರಿಯ ಬೆಣಚು. ಮುರಿದ ತುದಿಯಲ್ಲಿನ ಸಣ್ಣ ಸಣ್ಣ ರಂಧ್ರಗಳು ಕಂಡರೆ ಮಾತ್ರ ಅದು ಕಲ್ಲಲ್ಲ, ಎಲುಬು. ಮುಂದಿನ ನೆರೆಯೊಳಗೆ ಯಾರೂ ಬಾರದಿದ್ದರೆ ಅದು ಪುಡಿಯಾಗಿ ಹೋಗುತ್ತದೆ.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ನದಿ ಎಲ್ಲಿಂದಲೋ ಉರುಳಿಸಿ ತಂದ ಎಲುಬಿಗೆ ಕಾಲನಿರ್ಣಯ ಹೇಗೆ ಎಂಬುದು. ಈ ಮಾತನ್ನು ತಳ್ಳಿಹಾಕಲಾಗದು. ಹಥ್ನೋರಾ ಬುರುಡೆ ಸಡಿಲ ಮರಳಿನಲ್ಲಲ್ಲ, ಬಿಗಿದುಕೊಂಡ ಜಲ್ಲಿಯ ಪದರದಲ್ಲಿ ಸಿಕ್ಕಿತು. ಹಾಗಿದ್ದೂ ಅದರ ವಯಸ್ಸಿನ ಬಗ್ಗೆ ಒಮ್ಮತವಿಲ್ಲ. ಅದು ಯಾವ ಜಾತಿಯದೆಂಬುದರಲ್ಲೂ ಇಲ್ಲ: ಸೋನಕಿಯಾ ಅದನ್ನು ಹೋಮೊ ಎರೆಕ್ಟಸ್ ಎಂದರೆ, ಮುಂದೆ ಕೆನೆತ್ ಕೆನಡಿ ಮತ್ತಿತರರು ಪ್ರಾಚೀನ ಹೋಮೊ ಸೇಪಿಯನ್ಸ್ ಎಂದರು. ಒಂದೇ ಬುರುಡೆಯ ಮೇಲೆ ಈ ವಾದ ತೀರುವುದು ಕಷ್ಟ. ಹೋಲಿಸಲು ಇನ್ನೊಂದು ಬೇಕು, ಅದನ್ನು ಹುಡುಕಲು ದಂಡೆ ತೆರೆದಿರಬೇಕು. ಬರ್ಗಿ ಮತ್ತು ಇಂದಿರಾ ಸಾಗರ ಅಣೆಕಟ್ಟುಗಳ ಹಿನ್ನೀರು ನಿಂತಲ್ಲಿ ಹಳೆಯ ದಂಡೆಗಳು ಈಗ ನೀರಿನಡಿ ಇವೆ.