ಚೀಟಿಯ ಮಾತು, ನಾಲಿಗೆಯ ತೀರ್ಪು

1976ರ ಮೇ 24ರಂದು ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಒಂಬತ್ತು ಮಂದಿ ಫ್ರೆಂಚ್ ತಜ್ಞರು ಸೇರಿದ್ದರು. ಹೆಸರಾಂತ ಉಪಾಹಾರ ಗೃಹಗಳ ಒಡೆಯರು, ದ್ರಾಕ್ಷಿ ತೋಟದ ಮಾಲೀಕರು, ವೈನ್ ಗುಣಮಟ್ಟ ಕಾಯುವ ಸರ್ಕಾರಿ ಅಧಿಕಾರಿ ಅವರಲ್ಲಿದ್ದರು. ಪ್ಯಾರಿಸ್ಸಿನಲ್ಲಿ ವೈನ್ ಅಂಗಡಿ ಇಟ್ಟಿದ್ದ ಇಂಗ್ಲಿಷ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಅವರ ಮುಂದೆ ಫ್ರಾನ್ಸ್ ಮತ್ತು ಕ್ಯಾಲಿಫೋರ್ನಿಯಾದ ವೈನ್‌ಗಳನ್ನು ಇರಿಸಿದರು. ಶೀಷೆಗಳ ಚೀಟಿ ಮಾತ್ರ ಯಾರಿಗೂ ಕಾಣದಂತಿತ್ತು.

ಅಂಕಗಳನ್ನು ಕೂಡಿದಾಗ ಬಿಳಿ ವೈನ್‌ಗಳಲ್ಲಿ ಶಾತೋ ಮೊಂಟೆಲೀನಾ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್ ಮೊದಲ ಸ್ಥಾನ ಪಡೆದಿದ್ದವು. ಎರಡೂ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯವು, ಎರಡೂ 1973ರ ಬೆಳೆಯವು. ತೀರ್ಪುಗಾರರೊಬ್ಬರಂತೂ ನಾಪಾದ ವೈನ್ ಗುಟುಕರಿಸಿ, ಅದು ಫ್ರಾನ್ಸಿನದೇ ಎಂದು ಸಂತೋಷಪಟ್ಟಿದ್ದರು. ಶತಮಾನಗಳ ಕೀರ್ತಿಯುಳ್ಳ ಬೋರ್ಡೋದ ಓ-ಬ್ರಿಯೋಂ ನಾಲ್ಕನೆಯ ಸ್ಥಾನಕ್ಕೆ ಇಳಿದಿತ್ತು.

ತಜ್ಞರಿಗೇ ಹೀಗಾದರೆ, ಅಂಗಡಿಯಲ್ಲಿ ಸಾಲಾಗಿ ನಿಂತ ಶೀಷೆಗಳ ಮುಂದೆ ಸಾಮಾನ್ಯರು ತಬ್ಬಿಬ್ಬಾಗುವುದರಲ್ಲಿ ಆಶ್ಚರ್ಯವೇನಿದೆ? ಆದರೆ ಆ ಚೀಟಿಗಳ ಇತಿಹಾಸ ತಿಳಿದರೆ ಅಂಜಿಕೆ ಬಹುಮಟ್ಟಿಗೆ ದೂರವಾಗುತ್ತದೆ.

ಚೀಟಿ ಹೊಸದೇನಲ್ಲ. ಮೂರು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನ ಅರಸ ಟುಟಾಂಖಾಮೆನ್‌ನ ಗೋರಿಯಲ್ಲಿ ಇಟ್ಟಿದ್ದ ವೈನ್ ಹೂಜಿಗಳ ಮೇಲೆ ವರ್ಷ, ತೋಟದ ನೆಲೆ, ತಯಾರಿಸಿದವನ ಹೆಸರು ಬರೆದಿದ್ದವು. ಇಂದಿನ ಶೀಷೆಗಳ ಮೇಲಿರುವುದೂ ಮುಖ್ಯವಾಗಿ ಈ ಮೂರೇ. ವೈನ್ ಕಣ್ಣಿಗೆ ತನ್ನ ಗುಣ ತೋರದು. ಆದ್ದರಿಂದ ಕೊಳ್ಳುವವನು ಯಾರದಾದರೂ ಮಾತನ್ನು ನಂಬಲೇಬೇಕು. ಆ ಮಾತು ಯಾರದು ಎಂಬುದೇ ಪ್ರಶ್ನೆ.

ಬೆಲೆಯೇ ಅಳತೆಗೋಲು

1855ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ಜಾಗತಿಕ ವಸ್ತುಪ್ರದರ್ಶನ ಏರ್ಪಡಿಸಿದ. ಅದಕ್ಕಾಗಿ ಬೋರ್ಡೋದ ವಾಣಿಜ್ಯ ಮಂಡಳಿ ತನ್ನ ಪ್ರಾಂತದ ಶ್ರೇಷ್ಠ ವೈನ್‌ಗಳ ಪಟ್ಟಿಯನ್ನು ದಲ್ಲಾಳಿಗಳಿಂದ ಕೇಳಿತು. ಅವರು ಸುಮಾರು 60 ಕೆಂಪು ವೈನ್ ತೋಟಗಳನ್ನು ಐದು ದರ್ಜೆಗಳಲ್ಲಿ ಜೋಡಿಸಿದರು. ಲಫೀತ್, ಲತೂರ್, ಮಾರ್ಗೋ ಮತ್ತು ಓ-ಬ್ರಿಯೋಂ ಮೊದಲ ದರ್ಜೆ ಪಡೆದವು. ಅವರ ಅಳತೆಗೋಲು ರುಚಿಯಲ್ಲ, ಆಯಾ ತೋಟದ ವೈನ್ ಮಾರುಕಟ್ಟೆಯಲ್ಲಿ ಗಳಿಸುತ್ತ ಬಂದಿದ್ದ ಬೆಲೆ. ಒಂದು ವಸ್ತುಪ್ರದರ್ಶನಕ್ಕೆಂದು ಮಾಡಿದ ಆ ಪಟ್ಟಿ ಇಂದಿಗೂ ಚಲಾವಣೆಯಲ್ಲಿದೆ. ಅದರಲ್ಲಾದ ದೊಡ್ಡ ಬದಲಾವಣೆಯೆಂದರೆ 1973ರಲ್ಲಿ ಮೂತೋಂ ರೋಥ್‌ಷೀಲ್ಡ್ ತೋಟಕ್ಕೆ ಮೊದಲ ದರ್ಜೆ ದೊರೆತದ್ದು.

ಹೇನು ತಂದ ಹಾಹಾಕಾರ

ಪಟ್ಟಿ ಬಂದು ಹತ್ತು ವರ್ಷ ಕಳೆಯುವುದರೊಳಗೆ ದಕ್ಷಿಣ ಫ್ರಾನ್ಸಿನ ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. 1868ರಲ್ಲಿ ಸಸ್ಯವಿಜ್ಞಾನಿ ಪ್ಲಾಂಶೋ ಮತ್ತವನ ಸಂಗಡಿಗರು ಬೇರು ಅಗೆದು ನೋಡಿದಾಗ ಕಂಡದ್ದು ಹಳದಿ ಬಣ್ಣದ ಅತಿ ಸಣ್ಣ ಹೇನುಗಳು. ಅಮೆರಿಕದಿಂದ ತರಿಸಿದ ಸಸಿಗಳ ಜೊತೆ ಬಂದಿದ್ದ ಈ ಕೀಟದ ಹೆಸರು ಫಿಲೋಕ್ಸೆರಾ. ಪರಿಹಾರ ಸೂಚಿಸಿದವರಿಗೆ ಸರ್ಕಾರ ಮೂರು ಲಕ್ಷ ಫ್ರಾಂಕ್ ಬಹುಮಾನ ಘೋಷಿಸಿತು. ಕೊನೆಗೆ ಮದ್ದು ದೊರೆತದ್ದೂ ಅಮೆರಿಕದಲ್ಲಿಯೇ. ಆ ಕೀಟವನ್ನು ತಾಳಿಕೊಂಡು ಬೆಳೆದ ಅಮೆರಿಕದ ಬಳ್ಳಿಯ ಬೇರಿಗೆ ಯುರೋಪಿನ ದ್ರಾಕ್ಷಿಯನ್ನು ಕಸಿ ಕಟ್ಟಲಾಯಿತು. ಇಂದು ಜಗತ್ತಿನ ಬಹುಪಾಲು ವೈನ್ ತೋಟಗಳು ಈ ಕಸಿಯ ಮೇಲೆಯೇ ನಿಂತಿವೆ.

ಅಷ್ಟರಲ್ಲಿ ಮೋಸಗಾರರಿಗೆ ಸುಗ್ಗಿಯಾಗಿತ್ತು. ಒಣದ್ರಾಕ್ಷಿ ನೆನೆಸಿ, ಸಕ್ಕರೆ ನೀರು ಬೆರೆಸಿ ತಯಾರಿಸಿದ ದ್ರವ ವೈನ್ ಹೆಸರಿನಲ್ಲಿ ಮಾರಾಟವಾಯಿತು. ತೋಟಗಳು ಚೇತರಿಸಿಕೊಂಡ ಮೇಲೂ ಈ ದಂಧೆ ನಿಲ್ಲಲಿಲ್ಲ. ಬೆಲೆ ಕುಸಿದು ರೈತರು ಬೀದಿಗೆ ಬಿದ್ದರು. 1907ರಲ್ಲಿ ಅರ್ಜೆಲಿಯೆ ಎಂಬ ಹಳ್ಳಿಯ ಮಾರ್ಸಲಿನ್ ಆಲ್ಬೇರ್ ಆರಂಭಿಸಿದ ಚಳವಳಿ ಕಾಡ್ಗಿಚ್ಚಿನಂತೆ ಹಬ್ಬಿತು. ಜೂನ್ 9ರಂದು ಮೊಂಪೆಲಿಯೇ ನಗರದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರೆಂದು ಅಂದಾಜು. ನಾರ್ಬೋನ್‌ನಲ್ಲಿ ಸೈನಿಕರ ಗುಂಡಿಗೆ ಜನ ಬಲಿಯಾದರು. ಅದೇ ಪ್ರಾಂತದ ಮಕ್ಕಳೇ ತುಂಬಿದ್ದ 17ನೆಯ ಪದಾತಿ ದಳದ ಸೈನಿಕರು ದಂಗೆಯೆದ್ದರು. ಆ ತಿಂಗಳ ಕೊನೆಗೇ ಕಲಬೆರಕೆಯ ವಿರುದ್ಧ ಕಾನೂನು ಬಂತು. 1935ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಯಾವ ಊರಿನ ಹೆಸರನ್ನು ಯಾವ ನೆಲದ, ಯಾವ ತಳಿಯ ವೈನ್ ಬಳಸಬಹುದೆಂದು ಕಾಯಿದೆ ಗೊತ್ತುಮಾಡಿತು.

ಫ್ರೆಂಚ್ ಚೀಟಿಯಲ್ಲಿ ಊರಿನ ಹೆಸರು ದೊಡ್ಡದಾಗಿ ಕಾಣುವುದು ಇದರಿಂದಲೇ. ಆ ದೀರ್ಘ ಪರಂಪರೆ ಇಲ್ಲದ ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳು ಶಾರ್ಡನೇ, ಶಿರಾಜ್ ಮುಂತಾದ ದ್ರಾಕ್ಷಿ ತಳಿಯ ಹೆಸರನ್ನೇ ಮುಂದಿಡುತ್ತವೆ. ಭಾರತದ ಶೀಷೆಗಳದೂ ಸಾಮಾನ್ಯವಾಗಿ ಇದೇ ಕ್ರಮ. ಬೆಂಗಳೂರಿನ ಸುತ್ತ ಬಹುಕಾಲದಿಂದ ಬೆಳೆಯುತ್ತಿರುವ ‘ಬೆಂಗಳೂರು ನೀಲಿ’ ಅಮೆರಿಕದ ಬಳ್ಳಿಯ ಬಳಗಕ್ಕೆ ಸೇರಿದ್ದು. ನಂದಿಬೆಟ್ಟದ ಆಸುಪಾಸಿನಲ್ಲಿ ಫ್ರೆಂಚ್ ತಳಿಗಳು ಬೇರೂರಿದ್ದು 1980ರ ದಶಕದ ಕೊನೆಯ ನಂತರ. 2007ರಲ್ಲಿ ಕರ್ನಾಟಕ ಸರ್ಕಾರ ಪ್ರತ್ಯೇಕ ವೈನ್ ನೀತಿಯನ್ನೇ ಪ್ರಕಟಿಸಿತು.

ಬಡಿಸುವ ರೀತಿ

ಬಡಿಸುವ ಕ್ರಮಗಳಿಗೂ ಹೀಗೆಯೇ ಸರಳ ಕಾರಣಗಳಿವೆ. ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕೊಡಬೇಕೆಂಬ ನಿಯಮ ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಆ ಕೋಣೆಯೆಂದರೆ ಸುಮಾರು 16ರಿಂದ 18 ಡಿಗ್ರಿ ಸೆಲ್ಷಿಯಸ್. ನಮ್ಮ ಬೇಸಿಗೆಯಲ್ಲಿ ಕೆಂಪು ವೈನನ್ನೂ ಸ್ವಲ್ಪ ಹೊತ್ತು ತಂಪಿನಲ್ಲಿಡುವುದು ತಪ್ಪಲ್ಲ. ಬಿಳಿಯದಕ್ಕೆ 8ರಿಂದ 12 ಡಿಗ್ರಿ ಸಾಕು. ಹಳೆಯ ಕೆಂಪು ವೈನನ್ನು ಬೇರೆ ಪಾತ್ರೆಗೆ ಬಗ್ಗಿಸುವುದು ತಳದ ಗಸಿ ಲೋಟಕ್ಕೆ ಬಾರದಿರಲೆಂದು.

ಹೋಟೆಲಿನಲ್ಲಿ ಮಾಣಿ ಮೊದಲು ಒಂದು ಗುಟುಕಿನಷ್ಟು ಸುರಿದು ಕಾಯುತ್ತಾನೆ. ಅನೇಕರು ಕಂಗಾಲಾಗುವುದು ಈ ಗಳಿಗೆಯಲ್ಲಿ. ಆದರೆ ಅವನು ಕೇಳುತ್ತಿರುವುದು ವಿಮರ್ಶೆಯನ್ನಲ್ಲ, ವೈನ್ ಕೆಟ್ಟಿಲ್ಲವಷ್ಟೆ ಎಂದು. ಬಿರಡೆಯ ದೋಷವಿದ್ದರೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಅದಿಲ್ಲದಿದ್ದರೆ ತಲೆಯಾಡಿಸಿದರೆ ಮುಗಿಯಿತು.

ಪ್ಯಾರಿಸ್ಸಿನ ಫಲಿತಾಂಶವನ್ನು ಒಪ್ಪದವರು, ಫ್ರೆಂಚ್ ಕೆಂಪು ವೈನ್‌ಗಳು ಇನ್ನೂ ಮಾಗಿರಲಿಲ್ಲ ಎಂದು ವಾದಿಸಿದ್ದರು. ಮೂವತ್ತು ವರ್ಷ ಮಾಗಿದ ಮೇಲೆ, 2006ರಲ್ಲಿ, ಅವೇ ಕೆಂಪು ವೈನ್‌ಗಳನ್ನು ಮತ್ತೆ ರುಚಿ ನೋಡಲಾಯಿತು. ಆಗ ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಾಕ್ಕೆ ಹೋದವು. ಇದರಿಂದ ಫ್ರೆಂಚ್ ವೈನ್ ಕೀಳೆಂದೇನೂ ಆಗಲಿಲ್ಲ. ಶೀಷೆಯೊಳಗೆ ಮೋಸವಿಲ್ಲವೆಂದು ಚೀಟಿ ಭರವಸೆ ಕೊಡಬಲ್ಲದು. ಆ ಭರವಸೆಗಾಗಿ ನಾರ್ಬೋನ್‌ನಲ್ಲಿ ಜೀವಗಳೇ ಹೋದವು. ಯಾವುದು ಹಿತ ಎಂಬುದನ್ನು ಹೇಳುವ ಅಧಿಕಾರ ಮಾತ್ರ ಕುಡಿಯುವವನ ನಾಲಿಗೆಯದೇ.