ಐಸಿನ ಲೆಕ್ಕ

ಮಲ್ಪೆಯ ಐಸ್ ಪ್ಲಾಂಟೊಂದರಲ್ಲಿ ಹನ್ನೆರಡು ವರ್ಷ ಲೆಕ್ಕ ಬರೆದವನು ನಾನು. ಹಾಗಾಗಿ ‘ದಿ ಪರ್ಫೆಕ್ಟ್ ಸ್ಟಾರ್ಮ್’ ಸಿನಿಮಾದಲ್ಲಿ ಎಲ್ಲರೂ ಅಲೆ ನೋಡುತ್ತಿದ್ದರೆ ನನ್ನ ಕಣ್ಣು ಐಸ್ ಮಷೀನಿನ ಮೇಲೆ. ಬೋಟು ತುಂಬ ಮೀನು, ಮಷೀನು ಕೆಟ್ಟಿದೆ. ಬಿರುಗಾಳಿ ಕಳೆಯಲೆಂದು ಕಾದರೆ ಮೀನು ಕೊಳೆಯುತ್ತದೆ. ತಾಂಡೇಲ ಬಿಲ್ಲಿ ಟೈನ್ ಗಾಳಿಯೊಳಕ್ಕೇ ಬೋಟು ನುಗ್ಗಿಸುತ್ತಾನೆ. ಐಸು ಸಾಲದೆ ಮೀನಿನ ರೇಟು ಅರ್ಧಕ್ಕಿಳಿದು, ಧಕ್ಕೆಯಲ್ಲಿ ತಲೆತಗ್ಗಿಸಿ ನಿಂತ ತಾಂಡೇಲರನ್ನು ನಾನು ಕಂಡವನು. ನಂಬಿಬಿಟ್ಟೆ.

ಆದರೆ ನಿಜಕ್ಕೂ ಹಾಗೇ ಆಯಿತೇ? ಹೇಳುವವರು ಯಾರೂ ಉಳಿದಿಲ್ಲ. 72 ಅಡಿಯ ‘ಆಂಡ್ರಿಯಾ ಗೇಲ್’ 1991ರ ಸೆಪ್ಟೆಂಬರ್ 20ರಂದು ಅಮೆರಿಕದ ಗ್ಲೌಸ್ಟರ್‌ನಿಂದ ಸ್ವೋರ್ಡ್‌ಫಿಶ್ ಹಿಡಿಯಲು ಹೊರಟಿತ್ತು. ಅಕ್ಟೋಬರ್ 28ರ ಸಂಜೆ ವಯರ್‌ಲೆಸ್‌ನಲ್ಲಿ ಕೇಳಿದ್ದೇ ಕೊನೆಯ ಮಾತು. ಆರು ಜನರಲ್ಲಿ ಒಬ್ಬರ ಹೆಣವೂ ಸಿಗಲಿಲ್ಲ. 2000ದಲ್ಲಿ ಬಂದ ಸಿನಿಮಾದ ಕೊನೆಯ ಮಾತುಕತೆಯೆಲ್ಲ ಬರೆದವರ ಕಲ್ಪನೆ. ಟೈನ್‌ನನ್ನು ಹುಂಬನನ್ನಾಗಿ ತೋರಿಸಿದರೆಂದು ಮನೆಯವರು ಕೋರ್ಟಿಗೆ ಹೋಗಿ ಸೋತರು. ಅವರ ಸಿಟ್ಟು ನನಗೆ ನ್ಯಾಯವೆನಿಸುತ್ತದೆ.

ಅದೇ ಊರಿನ ಹೋವರ್ಡ್ ಬ್ಲ್ಯಾಕ್‌ಬರ್ನ್‌ನ ಕತೆಗೆ ಕಲ್ಪನೆ ಬೇಕಿಲ್ಲ. ಅವನು ಬದುಕಿ ಬಂದ. ಆಗೆಲ್ಲ ಹಾಯಿಹಡಗಿನಿಂದ ಇಬ್ಬಿಬ್ಬರು ‘ಡೋರಿ’ ಎಂಬ ಪುಟ್ಟ ದೋಣಿಗಳಲ್ಲಿ ಇಳಿದು ಗಾಳದ ಸಾಲು ಎಳೆಯಬೇಕಿತ್ತು. 1883ರ ಜನವರಿಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಬಳಿ ಹಿಮಗಾಳಿ ಎದ್ದು ಹಡಗು ಕಣ್ಮರೆಯಾಯಿತು. ಡೋರಿಯಲ್ಲಿ ಉಳಿದವರು ಇವನು, ಟಾಮ್ ವೆಲ್ಚ್. ಬ್ಲ್ಯಾಕ್‌ಬರ್ನ್‌ನ ಕೈಗವಸು ನೀರುಪಾಲಾಗಿತ್ತು. ಬೆರಳು ಮರಗಟ್ಟತೊಡಗಿದಾಗ ಅವನ್ನು ಹುಟ್ಟಿನ ಹಿಡಿಗೆ ಸುತ್ತಿ ಹಾಗೆಯೇ ಹೆಪ್ಪುಗಟ್ಟಲು ಬಿಟ್ಟ. ನೆಟ್ಟಗೆ ಸೆಟೆದುಕೊಂಡರೆ ಹುಟ್ಟು ಹಾಕುವುದು ಹೇಗೆ? ವೆಲ್ಚ್ ದೋಣಿಯಲ್ಲೇ ಸತ್ತ. ಅನ್ನನೀರಿಲ್ಲದೆ, ಕೊಕ್ಕೆಯಾದ ಆ ಕೈಗಳಲ್ಲೇ ಹುಟ್ಟು ಹಾಕುತ್ತ, ಗೆಳೆಯನ ಹೆಣದ ಜೊತೆ ಐದನೆಯ ದಿನ ದಡ ಸೇರಿದ. ಬೆರಳೆಲ್ಲ ಹೋದವು. ಆಮೇಲೆ ಗ್ಲೌಸ್ಟರ್‌ನಲ್ಲಿ ಸಾರಾಯಿ ಅಂಗಡಿ ಇಟ್ಟ. ಅಷ್ಟಕ್ಕೆ ಸುಮ್ಮನಿರಬೇಡವೇ ಪುಣ್ಯಾತ್ಮ? 1899ರಲ್ಲಿ ಒಬ್ಬನೇ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿನ ಗ್ಲೌಸ್ಟರ್ ಮುಟ್ಟಿದ!

ಬಾಸ್ಟನ್ನಿನ ಮಗಳ ಮನೆಗೆ ಹೋಗಿದ್ದಾಗ ಆ ಊರು ನೋಡಿ ಬಂದೆ. ಕಡಲ ಪಕ್ಕ, ಚುಕ್ಕಾಣಿ ಹಿಡಿದು ಬಾಗಿ ನಿಂತ ಕಂಚಿನ ಮನುಷ್ಯ. ಅವನೆದುರಿನ ಫಲಕಗಳಲ್ಲಿ ಕಡಲಿಗೆ ಹೋಗಿ ಮರಳದ 5,000ಕ್ಕೂ ಹೆಚ್ಚು ಜನರ ಹೆಸರು, ವರ್ಷದ ಪ್ರಕಾರ. ನಾವು 1991 ಹುಡುಕಿದೆವು. ಬರೀ ಹೆಸರು. ಯಾಕೆ ಹೊರಟರು, ಐಸು ಇತ್ತೋ ಇಲ್ಲವೋ, ಒಂದಕ್ಷರವಿಲ್ಲ.

“ಅಪ್ಪಾ, ಚಳಿ, ಬನ್ನಿ,” ಎನ್ನುತ್ತ ಮಗಳು ಕಾರಿನ ಕಡೆ ಓಡಿದಳು. ನಾನು ಜೇಬಿನೊಳಗೆ ಬೆರಳು ಮಡಚಿ, ಬಿಡಿಸಿ ನೋಡಿಕೊಂಡೆ.