ಕೊನೆಯ ಏಳು ಮೈಲಿ

ಕೈಗಾರಿಕಾ ಕ್ರಾಂತಿಯು ಬ್ರಿಟಿಷ್ ಸೈನ್ಯಕ್ಕೆ ಹೊಸ ಬಂದೂಕುಗಳನ್ನು ಕೊಟ್ಟಿತೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಸೈನಿಕನ ಬಾಳನ್ನು ಬದಲಿಸುವುದರಲ್ಲಿ ರೈಲು ಮತ್ತು ಅಚ್ಚಿನ ಯಂತ್ರಗಳ ಪಾತ್ರ ಕಡಮೆಯದಲ್ಲ. ಇದಕ್ಕೆ ಕ್ರಿಮಿಯಾ ಯುದ್ಧವೇ ಸಾಕ್ಷಿ.

1854ರ ಚಳಿಗಾಲ. ಸೆವಾಸ್ಟೊಪೋಲನ್ನು ಮುತ್ತಿದ್ದ ಬ್ರಿಟಿಷ್ ದಂಡಿಗೆ ಬೇಕಾದ ಸರಕನ್ನು ಹಡಗುಗಳು ಸಾವಿರಾರು ಮೈಲಿ ದಾಟಿ ಬಾಲಕ್ಲಾವ ಬಂದರಿಗೆ ತಂದು ಸುರಿದವು. ಅಲ್ಲಿಂದ ಪಾಳೆಯಕ್ಕೆ ಸುಮಾರು 7 ಮೈಲಿ. ಮಳೆಗೆ ಆ ದಾರಿ ಕೆಸರಾಯಿತು. ಮೇವಿಲ್ಲದೆ ಕುದುರೆಗಳು ಸತ್ತವು. ಬಂದರಿನಲ್ಲಿ ಆಹಾರ ಕೊಳೆಯುತ್ತಿರಲು, ಪಾಳೆಯದಲ್ಲಿ ಸೈನಿಕರು ಹಸಿವಿನಿಂದ, ಚಳಿಯಿಂದ, ಭೇದಿಯಿಂದ ಸತ್ತರು. ಆ ಯುದ್ಧದಲ್ಲಿ ಮಡಿದ 20,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರಲ್ಲಿ ಬಹುಪಾಲು ಜನರನ್ನು ಕೊಂದದ್ದು ರೋಗ, ಶತ್ರುವಿನ ಗುಂಡಲ್ಲ.

ಈ ದುಃಸ್ಥಿತಿಯನ್ನು ವಿಲಿಯಂ ಹೊವರ್ಡ್ ರಸೆಲ್ ಟೈಮ್ಸ್ ಪತ್ರಿಕೆಗೆ ಬರೆದು ಕಳಿಸಿದ. ಉಗಿಯಂತ್ರದಲ್ಲಿ ಅಚ್ಚಾದ ಆ ಪತ್ರಿಕೆಯನ್ನು ಓದಿದ ಜನ ಕೆರಳಿದರು. 1855ರ ಜನವರಿಯಲ್ಲಿ ಅಬರ್ಡೀನನ ಮಂತ್ರಿಮಂಡಲವೇ ಉರುಳಿತು. ಮರುತಿಂಗಳು ಪೀಟೋ, ಬ್ರಾಸೀ, ಬೆಟ್ಸ್ ಎಂಬ ಗುತ್ತಿಗೆದಾರರ ಕೂಲಿಗಳು ಬಾಲಕ್ಲಾವದಲ್ಲಿ ಕೆಲಸಕ್ಕೆ ತೊಡಗಿ, ಕೆಲವೇ ವಾರಗಳಲ್ಲಿ ಪಾಳೆಯದವರೆಗೆ ಹಳಿ ಹಾಸಿದರು.

ಕಾರ್ಖಾನೆಗಳ ನಾಡಿಗೆ ಇದ್ದ ಕೊರತೆ ಸರಕಿನದಲ್ಲ, ವ್ಯವಸ್ಥೆಯದು. ಯಂತ್ರವು ಸಮುದ್ರವನ್ನು ದಾಟಿಸಿತ್ತು. ಕೊನೆಯ ಏಳು ಮೈಲಿಯನ್ನು ದಾಟಿಸಲು ಜನರ ಕೋಪವೂ ಬೇಕಾಯಿತು.